ಪರದೆಯೂ ಪ್ರಮಾಣವೂ

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗನಾದ ಶ್ವೇತಕೇತುವಿಗೆ ಮಾಡಿದ ಉಪದೇಶದ ತತ್ತ್ವಾರ್ಥವನ್ನು ಕುರಿತು ನಮ್ಮ ಆಚಾರ್ಯರುಗಳು ಬೇಕಾದಷ್ಟು ವಿಚಾರ ಮಾಡಿದ್ದಾರೆ. ಅದಕ್ಕೆ ನಾನು ಸೇರಿಸತಕ್ಕದ್ದೇನೂ ಇಲ್ಲ. ನನ್ನ ಲಕ್ಷ್ಯವಿರುವುದು ಆ ಉಪದೇಶ ನಡೆದ ಕ್ರಮದ ಮೇಲೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ವೇದಗಳನ್ನೆಲ್ಲ ಓದಿ ಮುಗಿಸಿದೆನೆಂಬ ಹೆಮ್ಮೆಯಿಂದ ಹಿಂದಿರುಗಿದ ಆ ತರುಣನಿಗೆ ತಂದೆಯು ಇನ್ನೊಂದು ಗ್ರಂಥವನ್ನು ಹೇಳಿಕೊಡಲಿಲ್ಲ. ಉಪ್ಪನ್ನು ನೀರಿಗೆ ಹಾಕಿಟ್ಟು ಬೆಳಗ್ಗೆ ಬರುವಂತೆ ಹೇಳಿದನು; ಬೆಳಗ್ಗೆ ಬಂದವನನ್ನು ರಾತ್ರಿ ಹಾಕಿದ ಉಪ್ಪನ್ನು ತೆಗೆದುಕೊಡುವಂತೆ ಕೇಳಿದನು; ಹುಡುಕಿದರೂ ಅದು ಸಿಕ್ಕದಿರಲು, ಅದೇ ನೀರನ್ನು ಮೇಲಿನಿಂದ, ನಡುವಿನಿಂದ, ತಳದಿಂದ ಬೇರೆಬೇರೆಯಾಗಿ ಬಾಯಿಗೆ ಹಾಕಿ ನೋಡಿಸಿದನು. ಮತ್ತೊಮ್ಮೆ ಆಲದ ಹಣ್ಣನ್ನು ತರಿಸಿ, ಅದನ್ನು ಒಡೆಸಿ, ಒಳಗಿನ ಅಣುಪ್ರಾಯವಾದ ಬೀಜಗಳಲ್ಲಿ ಒಂದನ್ನು ಪುನಃ ಒಡೆಸಿ, ಏನು ಕಾಣುತ್ತಿದೆಯೆಂದು ವಿಚಾರಿಸಿದನು.

ಈ ಪಾಠದಲ್ಲಿ ಉಪಕರಣವುಂಟು. ಉಪ್ಪು, ನೀರು, ಹಣ್ಣು ಇವೆಲ್ಲವೂ ಉಪಕರಣಗಳೇ. ಆದರೆ ಅವುಗಳನ್ನು ಹಿಡಿದ ಕೈ ಶಿಷ್ಯನದು, ರುಚಿ ಕಂಡ ನಾಲಗೆ ಶಿಷ್ಯನದು, ಹಾಕಿದ್ದಕ್ಕೂ ನೋಡಿದ್ದಕ್ಕೂ ನಡುವೆ ಒಂದು ಇಡೀ ರಾತ್ರಿಯ ಅವಕಾಶ. ಗುರುವಿನ ಪಾಲಿಗೆ ಉಳಿದದ್ದು ಪ್ರಶ್ನೆ ಮಾತ್ರ. ಕಣ್ಣಿಗೆ ಕಾಣದ್ದು ಇಲ್ಲವೆಂದು ಹೇಳಲಾಗದು ಎಂಬ ನಿರ್ಣಯಕ್ಕೆ ಮಗನು ತನ್ನ ನಾಲಗೆಯ ಸಾಕ್ಷ್ಯದಿಂದಲೇ ಬರುವಂತೆ ಆ ಪ್ರಶ್ನೆಗಳ ಸರಣಿಯನ್ನು ಆತ ಹೆಣೆದಿದ್ದನು. ಈಗ ನಮ್ಮ ಶಾಲೆಗಳಲ್ಲಿ ಗೋಡೆಯ ಮೇಲೆ ಸ್ಮಾರ್ಟ್ ಬೋರ್ಡು ಬಂದಿದೆ. ಉಪ್ಪಿನ ಹರಳು ನೀರಿಗೆ ಬಿದ್ದು, ಬಣ್ಣಬಣ್ಣದ ಕಣಗಳಾಗಿ ಬಿಡಿಬಿಡಿಯಾಗಿ, ನೀರೆಲ್ಲಕ್ಕೂ ಹಬ್ಬಿಕೊಳ್ಳುವುದನ್ನು ಮಕ್ಕಳು ಅರೆನಿಮಿಷದಲ್ಲಿ ನೋಡಬಲ್ಲರು. ಶ್ವೇತಕೇತುವಿಗೆ ಕಾಣದೆ ಹೋದದ್ದು ಇವರಿಗೆ ಕಾಣುತ್ತದೆ. ಹಾಗಾದರೆ ಇವರಿಗಾದ ಜ್ಞಾನ ಅವನಿಗಾದ ಜ್ಞಾನಕ್ಕಿಂತ ಮಿಗಿಲಾದದ್ದೋ, ಕಡಿಮೆಯಾದದ್ದೋ, ಅಥವಾ ಬೇರೆ ಜಾತಿಯದೇ ಆದದ್ದೋ? ಶಾಲೆಗೆ ಯಂತ್ರ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗಿದೆಯೆಂಬುದು ನನ್ನ ಕೊರಗು.

ಉಪಕರಣವೇ ಅನರ್ಥವೆಂದು ಹೇಳುವ ಪಕ್ಷ ನನ್ನದಲ್ಲ. ಆ ಪಕ್ಷ ಬಹಳ ಹಳೆಯದು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಎಣಿಸುವಾಗ, ರಾಗವೆಳೆಯುವವನು, ಅವಸರಪಡುವವನು, ತಲೆಯಾಡಿಸುವವನು ಇವರ ಸಾಲಿನಲ್ಲಿಯೇ ಬರೆದದ್ದನ್ನು ನೋಡಿಕೊಂಡು ಓದುವವನನ್ನೂ ಸೇರಿಸಿದೆ. ಲಿಪಿಯೆಂಬ ಯಂತ್ರದ ಮೇಲೆ ಅಂದಿನ ವೈದಿಕರಿಗೆ ಅಷ್ಟು ಅವಿಶ್ವಾಸ. ಆ ಅವಿಶ್ವಾಸಕ್ಕೆ ಕಾರಣವಿಲ್ಲದಿರಲಿಲ್ಲ. ಬರೆದಿಟ್ಟಿದೆಯೆಂಬ ಧೈರ್ಯ ಬಂದ ಮೇಲೆ ನೆನಪು ಸಡಿಲವಾದದ್ದು ನಿಜ. ಆದರೂ ಆ ಶಿಕ್ಷಾಗ್ರಂಥ ನಮ್ಮ ವರೆಗೆ ಬಂದಿರುವುದು ಲಿಪಿಯ ಉಪಕಾರದಿಂದಲೂ ಹೌದು. ನಮ್ಮ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಾಡಿಸಿ, ಆಮೇಲೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ತಿದ್ದಿ ಅಕ್ಷರ ಕಲಿತರು. ಮರಳು, ಕಡತ, ಹಲಗೆ, ಮುದ್ರಿತ ಪುಸ್ತಕ, ಭೂಗೋಳದ ನಕ್ಷೆ, ಕೊನೆಗೆ ಈ ಬೆಳಕಿನ ಪರದೆ, ಇವು ಒಂದೇ ವಂಶದವು.

ಮರಳಿನ ಪ್ರಸ್ತಾಪ ಬಂದದ್ದರಿಂದ ಒಂದು ಚರಿತ್ರೆಯನ್ನು ಹೇಳಬೇಕು. 1789ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಆ ಊರಿನ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದುದನ್ನು ಕಂಡು, ಇದೇ ಕ್ರಮವನ್ನು ತನ್ನ ಶಾಲೆಯಲ್ಲಿಯೂ ನಡೆಸುವಂತೆ ಅಲ್ಲಿನ ಉಪಾಧ್ಯಾಯರಿಗೆ ಆಜ್ಞೆ ಮಾಡಿದನು. ಅವರು ಅದು ಆಗದ ಮಾತೆಂದರು. ಬೆಲ್ಲನು ಆ ಕೆಲಸವನ್ನು ಎಂಟು ವರ್ಷದ ಒಬ್ಬ ಬಾಲಕನಿಗೆ ವಹಿಸಿದನು. ಬಾಲಕನು ಅದನ್ನು ನಡೆಸಿಬಿಟ್ಟನು. 1797ರಲ್ಲಿ ಬೆಲ್ಲನು ಪ್ರಕಟಿಸಿದ ವರದಿಯಿಂದ ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಕಲಿಸುವ ಮದರಾಸು ಪದ್ಧತಿಯೆಂಬುದು ಇಂಗ್ಲೆಂಡಿನಲ್ಲೆಲ್ಲ ಹರಡಿತು. ಇದನ್ನು ಉಪಾಧ್ಯಾಯರ ಜಡತ್ವದ ಕಥೆಯೆಂದು ಹೇಳುವುದು ರೂಢಿ. ನನಗೆ ತೋರುವುದು ಬೇರೆ. ದೇಶೀ ಶಾಲೆಯ ಗುರುವಿಗೆ ಆ ಮರಳು ತನ್ನ ಗುರುವಿನಿಂದ ಬಂದದ್ದು. ಅದನ್ನು ಏಕೆ ಹಾಸುತ್ತಾರೆ, ಬೆರಳಿನ ಒತ್ತಡ ಕಂಠದ ಉಚ್ಚಾರಣೆಯೊಡನೆ ಹೇಗೆ ಕೂಡುತ್ತದೆ ಎಂಬುದು ಅವನ ಅನುಭವಕ್ಕೆ ಸೇರಿದ ಸಂಗತಿ. ಅನಾಥಾಲಯದ ಉಪಾಧ್ಯಾಯರಿಗಾದರೋ ಅದು ಮೇಲಿನಿಂದ ಇಳಿದ ಆಜ್ಞೆ. ಕಾರಣವನ್ನು ತಿಳಿಸದೆ ಉಪಕರಣವನ್ನು ಮಾತ್ರ ಕೈಗಿತ್ತರೆ ಉಪಾಧ್ಯಾಯನು ಅದನ್ನು ನಿರಾಕರಿಸುತ್ತಾನೆ. ನಿರಾಕರಿಸಲಾರದವನು ಅದರ ಬಗ್ಗೆ ಭಕ್ತಿಯನ್ನು ನಟಿಸುತ್ತಾನೆ. ಇನ್ನೂರು ವರ್ಷಗಳಿಂದ ನಾವು ನೋಡುತ್ತಿರುವುದು ಈ ಎರಡನ್ನೇ.

ಇನ್ನು ಮೂಲ ಪ್ರಶ್ನೆಗೆ ಬರೋಣ. ನ್ಯಾಯದರ್ಶನವು ಯಥಾರ್ಥಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಸಾಧನಗಳನ್ನು ಹೇಳುತ್ತದೆ. ಇಂದ್ರಿಯಕ್ಕೂ ವಿಷಯಕ್ಕೂ ಸಂಯೋಗವಾದಾಗ ಹುಟ್ಟುವುದು ಪ್ರತ್ಯಕ್ಷ; ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವುದು ಅನುಮಾನ; ಸಾದೃಶ್ಯದಿಂದ ತಿಳಿಯುವುದು ಉಪಮಾನ; ಆಪ್ತನ ಮಾತಿನಿಂದ ತಿಳಿಯುವುದು ಶಬ್ದ. ಮನುಷ್ಯ ಹೃದಯವು ಮಿಡಿಯುವ ಚಲಚ್ಚಿತ್ರವನ್ನು ಹತ್ತನೆಯ ತರಗತಿಯ ಹುಡುಗಿ ಪರದೆಯ ಮೇಲೆ ನೋಡಿದಳೆನ್ನಿ. ಆಕೆಗೆ ಹೃದಯ ಪ್ರತ್ಯಕ್ಷವಾಯಿತೇ? ಆಕೆಯ ಕಣ್ಣಿಗೆ ಸಂಯೋಗವಾದದ್ದು ಪರದೆಯ ಬೆಳಕಿನೊಡನೆ, ಹೃದಯದೊಡನೆ ಅಲ್ಲ. ಆ ಚಿತ್ರವನ್ನು ಬರೆದ ಯಾರೋ ಒಬ್ಬರು, ಅವರು ನೋಡಿದ ಗ್ರಂಥ, ಆ ಗ್ರಂಥಕರ್ತನು ನಂಬಿದ ಶರೀರಶಾಸ್ತ್ರಜ್ಞ, ಇಷ್ಟು ಜನರ ಮಾತನ್ನು ಆಕೆ ನಂಬಿದಳು. ತತ್ತ್ವತಃ ಅದು ಶಬ್ದಪ್ರಮಾಣ. ಆದರೆ ಅದು ಶಬ್ದದ ವೇಷದಲ್ಲಿ ಬರಲಿಲ್ಲ. ಪ್ರತ್ಯಕ್ಷದ ವೇಷದಲ್ಲಿ ಬಂದಿತು. ಮೇಷ್ಟರು ಬಾಯಿಮಾತಿನಲ್ಲಿ ಹೇಳಿದಾಗ, ಇದು ಮೇಷ್ಟರು ಹೇಳಿದ್ದು ಎಂಬ ಅರಿವು ಕೇಳುವ ಮಗುವಿನಲ್ಲಿ ಸಣ್ಣಗೆ ಇದ್ದೇ ಇರುತ್ತದೆ. ಪರದೆಯ ಮುಂದೆ ಕುಳಿತಾಗ ಆ ಅರಿವು ಅಡಗಿಹೋಗಿ, ನಾನೇ ಕಣ್ಣಾರೆ ಕಂಡೆನೆಂಬ ನಿಶ್ಚಯ ಆ ಸ್ಥಳವನ್ನು ಆಕ್ರಮಿಸಿಕೊಳ್ಳುತ್ತದೆ. ತಂತ್ರಜ್ಞಾನವು ತರಗತಿಗೆ ತಂದಿರುವ ನಿಜವಾದ ತಾತ್ತ್ವಿಕ ತೊಡಕು ಇದು. ಕಣ್ಣು ಕೆಡುತ್ತದೆ, ಕೈಬರಹ ಕೆಡುತ್ತದೆ ಎಂಬ ಆಕ್ಷೇಪಣೆಗಳೆಲ್ಲ ಇದರ ಮುಂದೆ ಸಣ್ಣವು.

ಹಾಗಾದರೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದೂ ಶಬ್ದವೇ ಆಗಬೇಕಲ್ಲ ಎಂದು ಯಾರಾದರೂ ಕೇಳಬಹುದು. ಆಗಲಾರದು. ಈರುಳ್ಳಿಯ ಒಳಪೊರೆಯನ್ನು ಸುಲಿದು, ಗಾಜಿನ ಪಟ್ಟಿಯ ಮೇಲೆ ಹಾಸಿ, ಅಯೋಡಿನ್ನಿನ ತೊಟ್ಟು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುವ ಹುಡುಗನಿಗೆ ಮೊದಲು ಕಾಣುವುದು ಗಾಳಿಯ ಗುಳ್ಳೆ, ಆಮೇಲೆ ತನ್ನ ರೆಪ್ಪೆಗೂದಲು, ಆಮೇಲೆ ಏನೂ ಇಲ್ಲ. ಕನ್ನಡಿಯನ್ನು ತಿರುಗಿಸಿ, ಮಸೂರವನ್ನು ಏರಿಸಿ ಇಳಿಸಿ, ಪೊರೆ ಮಡಿಚಿಕೊಂಡಿದೆಯೆಂದು ಇನ್ನೊಂದು ಪೊರೆಯನ್ನು ಸುಲಿದು, ಕಡೆಗೆ ಇಟ್ಟಿಗೆ ಜೋಡಿಸಿದಂತಿರುವ ಕೋಶಗಳನ್ನು ಅವನು ಕಾಣುತ್ತಾನೆ. ಉಪಕರಣ ಇಲ್ಲಿ ಅವನ ಕಣ್ಣನ್ನು ನೀಳವಾಗಿಸಿದೆಯೇ ಹೊರತು ಅವನಿಗಾಗಿ ಇನ್ನೊಬ್ಬರು ನೋಡಿಟ್ಟದ್ದನ್ನು ಒಪ್ಪಿಸುತ್ತಿಲ್ಲ. ತಪ್ಪಾಗಲು ಅವಕಾಶವಿದೆ, ತಪ್ಪನ್ನು ತನ್ನ ಕೈಯಿಂದಲೇ ತಿದ್ದಿಕೊಳ್ಳಲೂ ಅವಕಾಶವಿದೆ. ಎಂತಲೇ, ಶಾಲೆಗೆ ಬಂದ ಯಾವ ಯಂತ್ರವನ್ನೇ ಆಗಲಿ ಮೊದಲು ಕೇಳತಕ್ಕ ಪ್ರಶ್ನೆ, ಇದು ಮಗುವಿನ ಇಂದ್ರಿಯವನ್ನು ವಿಸ್ತರಿಸುತ್ತದೆಯೋ, ಇಲ್ಲವೇ ಪರರ ಮಾತನ್ನು ಚಿತ್ರರೂಪದಲ್ಲಿ ತಲುಪಿಸುತ್ತದೆಯೋ ಎಂಬುದು. ಉಷ್ಣಮಾಪಕ, ದುರ್ಬೀನು, ಮೊಬೈಲಿನಲ್ಲಿ ಹೂವೊಂದನ್ನು ಸಮೀಪದಿಂದ ಹಿಡಿಯುವ ಮಗುವಿನ ಕೈ, ಇವು ಮೊದಲನೆಯ ಗುಂಪಿಗೆ. ಸಿದ್ಧವಾಗಿ ಬಂದ ವೀಡಿಯೋ ಪಾಠಗಳೆಲ್ಲ ಎರಡನೆಯದಕ್ಕೆ. ಎರಡನೆಯ ಗುಂಪಿನದು ಹೀನವೆಂದು ನಾನು ಹೇಳುತ್ತಿಲ್ಲ. ಶಬ್ದಪ್ರಮಾಣವಿಲ್ಲದೆ ವಿದ್ಯೆಯೇ ಇಲ್ಲ. ಅದನ್ನು ಅದರ ಹೆಸರಿನಿಂದ ಕರೆದು ಒಳಗೆ ಬಿಟ್ಟುಕೊಳ್ಳಬೇಕೆಂಬುದಷ್ಟೇ ನನ್ನ ಕೋರಿಕೆ.

ಹೆಸರು ತಪ್ಪಿದರೆ ಆಗುವ ಹಾನಿ ಎಂತಹದು? ಶರೀರದ ಚಿತ್ರಗಳಲ್ಲಿ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಹಚ್ಚುವುದು ಗುರುತಿನ ಸೌಕರ್ಯಕ್ಕಾಗಿ. ಆ ಚಿತ್ರವನ್ನು ಪ್ರತ್ಯಕ್ಷವೆಂದು ಭಾವಿಸಿದ ಮಗು ಮನುಷ್ಯನಲ್ಲಿ ನೀಲಿ ರಕ್ತವೂ ಹರಿಯುತ್ತದೆಂದು ನಂಬುತ್ತದೆ. ಬೆಳೆದು ದೊಡ್ಡವರಾದ ಮೇಲೂ ಹಾಗೆಯೇ ನಂಬಿರುವವರುಂಟು. ಸೌರಮಂಡಲದ ಚಲಚ್ಚಿತ್ರದಲ್ಲಿ ಗ್ರಹಗಳು ಸೂರ್ಯನ ಪಕ್ಕದಲ್ಲಿಯೇ ಒತ್ತೊತ್ತಾಗಿ ಸುತ್ತುತ್ತವೆ. ಭೂಮಿಯನ್ನು ಒಂದು ಮಿಲಿಮೀಟರಿನ ರಾಗಿಕಾಳೆಂದು ಇಟ್ಟುಕೊಂಡರೆ, ಸೂರ್ಯನು ಹನ್ನೊಂದು ಸೆಂಟಿಮೀಟರಿನ ಚೆಂಡಾಗಿ, ಎರಡರ ನಡುವೆ ಸುಮಾರು ಹನ್ನೆರಡು ಮೀಟರು ಬರಿಯ ಬಯಲು ಇರಬೇಕು. ಯಾವ ಪರದೆಯೂ ಇದನ್ನು ಅಳತೆಗೆ ಸರಿಯಾಗಿ ತೋರಿಸಲಾರದು. ತೋರಿಸಿದರೆ ಭೂಮಿ ಕಣ್ಣಿಗೇ ಕಾಣದು. ಆದರೆ ಶಾಲೆಯ ಆಟದ ಬಯಲು ತೋರಿಸಬಲ್ಲದು. ಚಿತ್ರವನ್ನು ನೋಡಿ ಮುಗಿದ ಮೇಲೆ ಮಕ್ಕಳನ್ನು ಹೊರಕ್ಕೆ ಕರೆತಂದು, ಒಬ್ಬನ ಕೈಯಲ್ಲಿ ಚೆಂಡನ್ನೂ ಇನ್ನೊಬ್ಬಳ ಬೆರಳ ತುದಿಯಲ್ಲಿ ರಾಗಿಕಾಳನ್ನೂ ಇಟ್ಟು ಹನ್ನೆರಡು ಮೀಟರು ಅಳೆಸುವ ಉಪಾಧ್ಯಾಯನು, ಚಿತ್ರವು ಎಲ್ಲಿ ಸತ್ಯವನ್ನು ಹೇಳಿತು, ಎಲ್ಲಿ ತನ್ನ ಚೌಕಟ್ಟಿನ ಇಕ್ಕಟ್ಟಿಗಾಗಿ ಸತ್ಯವನ್ನು ಮಡಚಿತು ಎಂಬುದನ್ನು ತಾನೊಂದು ಮಾತೂ ಆಡದೆ ತಿಳಿಸಿಕೊಟ್ಟಂತಾಯಿತು.

ನೈಯಾಯಿಕರ ಉಪಮಾನದ ಉದಾಹರಣೆಯು ಇಲ್ಲಿ ಬಹಳ ಉಪಯುಕ್ತವಾದದ್ದು. ಗವಯವೆಂಬ ಮೃಗವನ್ನು ಕಾಣದ ನಾಗರಿಕನಿಗೆ ಕಾಡಿನವನು, ಅದು ಹಸುವಿನಂತೆ ಇರುತ್ತದೆಂದು ಹೇಳುತ್ತಾನೆ. ಕೇಳಿದ ಮಾತ್ರಕ್ಕೆ ನಾಗರಿಕನಿಗೆ ಗವಯಜ್ಞಾನ ಪೂರ್ಣವಾಗಲಿಲ್ಲ. ಅವನು ಕಾಡಿಗೆ ಹೋಗಿ, ಹಸುವನ್ನು ಹೋಲುವ ಪ್ರಾಣಿಯನ್ನು ಕಂಡು, ಕೇಳಿದ ಮಾತನ್ನು ಸ್ಮರಿಸಿ, ಇದೇ ಗವಯವೆಂದು ಗುರುತಿಸಿದಾಗ ಅದು ಪೂರ್ಣವಾಯಿತು. ರಾಯಚೂರಿನ ಮಗುವಿಗೆ ಸಮುದ್ರದ ಚಿತ್ರ, ಕಾರವಾರದ ಮಗುವಿಗೆ ಮರುಭೂಮಿಯ ಚಿತ್ರ ಈ ಬಗೆಯ ಮಾತು. ಅದು ಕಾಡಿಗೆ ಹೋಗಲು ಕೊಟ್ಟ ಗುರುತೇ ಹೊರತು ಕಾಡಲ್ಲ. ಎಲ್ಲ ಮಕ್ಕಳನ್ನೂ ಎಲ್ಲ ಕಾಡಿಗೂ ಕರೆದೊಯ್ಯುವುದು ಅಶಕ್ಯವೆಂಬುದನ್ನು ಬಲ್ಲೆ; ಆದರೂ ತಾನಿನ್ನೂ ಕಾಡನ್ನು ಕಂಡಿಲ್ಲವೆಂಬ ಅರಿವನ್ನು ಮಗುವಿನಲ್ಲಿ ಉಳಿಸಿಕೊಡುವುದು ಶಕ್ಯ. ಶಿವರಾಮ ಕಾರಂತರು ಮೂವತ್ತರ ದಶಕದಲ್ಲಿ ಬಾಲಪ್ರಪಂಚವೆಂಬ ವಿಶ್ವಕೋಶವನ್ನು ಒಬ್ಬರೇ ರಚಿಸಿ ಜಗತ್ತಿನ ಚಿತ್ರಗಳನ್ನು ಕನ್ನಡದ ಮಕ್ಕಳ ಮುಂದೆ ಇಟ್ಟವರು. ಅವರೇ ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ನಾಲ್ಕು ಗೋಡೆಗಳ ಹೊರಗೆ ಕಲಿಸಲು ಹೊರಟವರು. ಈ ಎರಡರಲ್ಲಿ ವಿರೋಧವಿಲ್ಲದಿರುವುದನ್ನು ಕಾಣಬೇಕು.

ತುಮಕೂರು ಸೀಮೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಒಂದು ಪಾಠವನ್ನು ಇಲ್ಲಿ ಬರೆಯುವುದು ಅವಶ್ಯ. ಎಂಟನೆಯ ತರಗತಿ, ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯ. ಉಪಾಧ್ಯಾಯಿನಿಯು ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಒಂದು ತ್ರಿಭುಜವನ್ನು ಬರೆದು, ಅದರ ಶೃಂಗವನ್ನು ಹಿಡಿದು ಎಳೆಯತೊಡಗಿದರು. ತ್ರಿಭುಜವು ಉದ್ದವಾಯಿತು, ಕುಗ್ಗಿತು, ಒಂದು ಕಡೆಗೆ ವಾಲಿತು. ಮೂರು ಕೋನಗಳ ಅಂಕೆಗಳು ಕ್ಷಣಕ್ಷಣಕ್ಕೂ ಬದಲಾದವು. ಕೆಳಗಿನ ಮೊತ್ತವು ಮಾತ್ರ ಅಲುಗಲಿಲ್ಲ. ಸಕಲವೂ ಚಲಿಸುತ್ತಿರುವಲ್ಲಿ ಚಲಿಸದ ಒಂದು ಇದೆಯೆಂಬುದನ್ನು ಹದಿಮೂರು ವರ್ಷದ ಮಕ್ಕಳು ಅಷ್ಟು ಸ್ಪಷ್ಟವಾಗಿ ನೋಡಿ ಬೆರಗಾದದ್ದನ್ನು ಕಂಡು ನನಗೂ ರೋಮಾಂಚವಾಯಿತು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಇದನ್ನು ಸಾಧಿಸುವುದು ಸಾಧ್ಯವಿಲ್ಲ. ಆಗ ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತನು. ಅವನು ಅಷ್ಟು ಹೊತ್ತೂ ತನ್ನ ಜಾಮಿಟ್ರಿ ಬಾಕ್ಸು ತೆರೆದು ನೋಟ್‌ಬುಕ್ಕಿನಲ್ಲಿ ತಾನೇ ಒಂದು ತ್ರಿಭುಜವನ್ನು ಅಳೆಯುತ್ತಿದ್ದನು.

“ಮಿಸ್, ನಂಗೆ ನೂರಾ ಎಪ್ಪತ್ತೆಂಟು ಬಂತು. ಅದಕ್ಕೆ ಮಾತ್ರ ಯಾವಾಗ್ಲೂ ನೂರಾ ಎಂಬತ್ತೇ ಬತ್ತದೆ. ಅದಕ್ಕೆ ಕೋನಮಾಪಕ ಯಾರು ಕೊಟ್ಟವ್ರೆ?”

ಯಂತ್ರ ತಪ್ಪುವುದಿಲ್ಲ, ನಿನ್ನ ಅಳತೆಯೇ ತಪ್ಪು ಎಂದು ಆಕೆ ಹೇಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮಾತು ಒಂದರ್ಥದಲ್ಲಿ ನಿಜವೂ ಆಗಿರುತ್ತಿತ್ತು. ಆಕೆ ಹಾಗೆ ಹೇಳಲಿಲ್ಲ. “ಒಳ್ಳೇ ಪ್ರಶ್ನೆ ಕಣೋ. ಎಲ್ರೂ ಒಂದೊಂದು ತ್ರಿಭುಜ ಬರ್ದು ಅಳೀರಿ, ಬಂದಷ್ಟೇ ಹೇಳಿ, ತಿದ್ಬೇಡಿ” ಎಂದು ಪ್ರೊಜೆಕ್ಟರನ್ನು ಆರಿಸಿದರು. ಮಕ್ಕಳು ಹೇಳಿದ ಮೊತ್ತಗಳನ್ನೆಲ್ಲ ಹಲಗೆಯ ಮೇಲೆ ಬರೆದರು: 178, 181, 180, 183, 179, ಹೀಗೆ. ಇಷ್ಟು ಜನರಲ್ಲಿ ಯಾರದ್ದು ಸರಿಯೆಂದು ಕೇಳಿದರು. ತರಗತಿಯಲ್ಲಿ ಗದ್ದಲವೆದ್ದು ಅಡಗಿತು. ಆಮೇಲೆ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾದ ಒಂದು ರೇಖೆಯನ್ನು ಎಳೆದು, ಪರ್ಯಾಯ ಕೋನಗಳ ಸಮತ್ವವನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ಮೂರು ಕೋನಗಳೂ ಆ ರೇಖೆಯ ಮೇಲೆ ಒಂದು ಸರಳಕೋನವಾಗಿ ಕೂಡುವುದನ್ನು ಸಾಧಿಸಿದರು. “ಇದಕ್ಕೆ ಕೋನಮಾಪಕ ಬೇಕಾಯ್ತೇನೋ?” ಎಂದು ಆ ಹುಡುಗನನ್ನು ಕೇಳಿದರು. ಅವನು ಬಹಳ ಹೊತ್ತು ಹಲಗೆಯನ್ನೇ ನೋಡುತ್ತಿದ್ದು, ಇಲ್ಲವೆಂದು ತಲೆಯಾಡಿಸಿದನು.

ಒಂದೇ ಗಂಟೆಯ ಅವಧಿಯಲ್ಲಿ ಆ ಮಕ್ಕಳು ಮೂರು ಪ್ರಮಾಣಗಳನ್ನು ದಾಟಿದರು. ಪರದೆಯು ಹೇಳಿದ್ದು ಶಬ್ದ. ತಂತ್ರಾಂಶವು ಬಿಂದುಗಳ ಸ್ಥಾನದಿಂದ ಕೋನಗಳನ್ನು ಲೆಕ್ಕ ಹಾಕುತ್ತದೆಯಾಗಿ, ಮೊತ್ತ 180 ಆಗುವ ಜ್ಯಾಮಿತಿಯನ್ನು ಅದರ ಕರ್ತೃಗಳು ಮೊದಲೇ ಅದರೊಳಗೆ ಇಟ್ಟಿದ್ದಾರೆ. ಕೋನಮಾಪಕ ಹೇಳಿದ್ದು ಪ್ರತ್ಯಕ್ಷ. ದೋಷಯುಕ್ತವಾದರೂ ಮಕ್ಕಳ ಸ್ವಂತದ್ದು. ಸಮಾಂತರ ರೇಖೆ ಕೊಟ್ಟದ್ದು ಅನುಮಾನ; ಅದು ಮೊದಲಿನ ಎರಡನ್ನೂ ಮೀರಿ ನಿಶ್ಚಯವನ್ನು ತಂದಿತು. ಆ ಉಪಾಧ್ಯಾಯಿನಿಯು ನ್ಯಾಯಶಾಸ್ತ್ರವನ್ನು ಓದಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಪ್ರಮಾಣಗಳ ವಿವೇಕವು ಆಕೆಯ ವೃತ್ತಿಯಲ್ಲಿ ರಕ್ತಗತವಾಗಿತ್ತು. ತರಬೇತಿಯೆಂಬುದು ಕೊಡಬೇಕಾದದ್ದು ಅದನ್ನೇ. ಇದೇ ತಂತ್ರಾಂಶದಲ್ಲಿ ಕೋನಗಳನ್ನು ಪೂರ್ಣಾಂಕಕ್ಕೆ ಹೊಂದಿಸಿ ತೋರಿಸುವ ಏರ್ಪಾಡಿದ್ದಾಗ, 59.6, 60.7, 59.7 ಎಂಬ ಮೂರು ಕೋನಗಳು 60, 61, 60 ಎಂದು ಕಾಣಿಸಿ, ಮಕ್ಕಳು ಕೂಡಿದರೆ 181 ಬರುವುದುಂಟು. ಗುಂಡಿ ಒತ್ತುವುದನ್ನು ಮಾತ್ರ ಕಲಿತು ಬಂದ ಉಪಾಧ್ಯಾಯರಿಗೆ ಆ ಕ್ಷಣವು ಅವಮಾನ. ವಿಷಯವನ್ನು ಬಲ್ಲವರಿಗೆ ಅದು ಆ ದಿನದ ಪಾಠದಲ್ಲೆಲ್ಲ ಅತ್ಯುತ್ತಮವಾದ ಅವಕಾಶ.

ನಮ್ಮ ದೇಶದಲ್ಲಿ ಯಂತ್ರವನ್ನು ಶಾಲೆಗೆ ತರುವ ಪ್ರಯತ್ನಗಳಿಗೆ ದಾರಿದ್ರ್ಯವಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲಾಗಿ ಪಡೆದು ನಡೆಸಿದ ಸೈಟ್ ಪ್ರಯೋಗದಲ್ಲಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವು ಮುಟ್ಟಿತು; ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಮಕ್ಕಳೂ ಬೆಳಗಿನ ಹೊತ್ತು ಅದರ ಮುಂದೆ ಕುಳಿತರು. ಆ ಪ್ರಯೋಗದ ಅಂಗವಾಗಿಯೇ ಹತ್ತಾರು ಸಾವಿರ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ, ಗಣಿತಗಳ ಬೋಧನೆಯಲ್ಲಿ ತರಬೇತಿ ಕೊಡಲಾಯಿತೆಂಬುದು ಅದರ ಕರ್ತೃಗಳ ದೂರದೃಷ್ಟಿಗೆ ಸಾಕ್ಷಿ. ಒಪ್ಪಂದದ ವರ್ಷ ಮುಗಿಯಿತು, ಉಪಗ್ರಹ ಹಿಂದಿರುಗಿತು. 1984ರಲ್ಲಿ ಬಿ.ಬಿ.ಸಿ. ಮೈಕ್ರೋ ಗಣಕಗಳೊಡನೆ ಕ್ಲಾಸ್ ಎಂಬ ಯೋಜನೆ ಬಂದಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿ, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಪ್ರಾಯೋಗಿಕವಾಗಿ ಬಳಸಲಾಯಿತು. 2017ರಲ್ಲಿ ದೀಕ್ಷಾ ಎಂಬ ಅಂತರ್ಜಾಲ ವೇದಿಕೆ ಬಂದು ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡುಗಳು ಮೂಡಿದವು. 2019ರಲ್ಲಿ ಪ್ರಾರಂಭವಾದ ನಿಷ್ಠಾ ತರಬೇತಿಯ ಗುರಿ ಸುಮಾರು 42 ಲಕ್ಷ ಉಪಾಧ್ಯಾಯರು. ನಮ್ಮ ರಾಜ್ಯದಲ್ಲಿ ಟಾಲ್ಪ್ ಎಂದು ಉಪಾಧ್ಯಾಯರ ಬಾಯಲ್ಲಿ ರೂಢವಾಗಿರುವ ತರಬೇತಿಯು ಡಯಟ್ ಎಂಬ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳ ಗಣಕ ಕೊಠಡಿಗಳಲ್ಲಿ ಸಾವಿರಾರು ಪ್ರೌಢಶಾಲಾ ಉಪಾಧ್ಯಾಯರನ್ನು ಮೊದಲ ಬಾರಿಗೆ ಗಣಕದ ಮುಂದೆ ಕೂರಿಸಿತು. ಮೇಲೆ ಹೇಳಿದ ಉಪಾಧ್ಯಾಯಿನಿಯೂ ಅಲ್ಲಿಯೇ ಆ ತಂತ್ರಾಂಶದ ಪರಿಚಯ ಮಾಡಿಕೊಂಡವರು.

ಯಂತ್ರವನ್ನು ಹಂಚಿ, ಅದನ್ನು ಹಿಡಿಯುವವರನ್ನು ಮರೆತರೆ ಏನಾಗುವುದೆಂಬುದಕ್ಕೆ ಪೆರು ದೇಶವು ನಿದರ್ಶನ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಂತೆ ಅಲ್ಲಿ ಲಕ್ಷಾಂತರ ಯಂತ್ರಗಳನ್ನು ಕೊಟ್ಟರು. 319 ಗ್ರಾಮೀಣ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಣಿತದಲ್ಲಿ ಆಗಲಿ ಭಾಷೆಯಲ್ಲಿ ಆಗಲಿ ಮಕ್ಕಳ ಕಲಿಕೆ ಹೆಚ್ಚಿದ ಪ್ರಮಾಣ ಕಾಣಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನವು ನಮ್ಮ ಮನೆಯಂಗಳದಲ್ಲಿಯೇ ಇದೆ. ತೊಂಬತ್ತರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಉಪಾಧ್ಯಾಯರು ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು, ತಾವೇ ಕುಳಿತು ಕಾರ್ಡುಗಳನ್ನು ಬರೆದು, ಕಲಿಕಾ ಏಣಿಯನ್ನು ರಚಿಸಿ, ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆಯನ್ನು ಬಳಿದು, ನಲಿಕಲಿ ಎಂಬ ಕ್ರಮವನ್ನು ಕಟ್ಟಿದರು. ರಟ್ಟಿನ ಕಾರ್ಡು ಬಡ ತಂತ್ರಜ್ಞಾನ; ಆದರೆ ಪ್ರತಿಯೊಂದು ಕಾರ್ಡು ಏಕೆ ಆ ಸ್ಥಾನದಲ್ಲಿದೆಯೆಂಬುದು ಅದನ್ನು ಬರೆದ ಕೈಗೆ ತಿಳಿದಿತ್ತು. ಅದೇ ಕಾರ್ಡುಗಳು ಮುಂದೆ ಅಚ್ಚಾಗಿ ಇಡೀ ರಾಜ್ಯದ ಶಾಲೆಗಳಿಗೆ ಹೋದಾಗ, ಅವನ್ನು ಬರೆಯದೆ ಕೇವಲ ಪಡೆದವರಲ್ಲಿ ಎಷ್ಟೋ ಮಂದಿಗೆ ಅವು ಇನ್ನೊಂದು ಹೊರೆಯಾದವು. ಬೆಲ್ಲನ ಶಾಲೆಯ ಮರಳಿಗೆ ಆದ ಗತಿಯೇ ಇದು.

ಈಚೆಗೆ ಪ್ರಶ್ನೆಯು ಇನ್ನೂ ತೀಕ್ಷ್ಣವಾಗಿದೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರವು ಮಕ್ಕಳ ಕೈಗೆ ಬಂದಿದೆ. ಭಗವದ್ಗೀತೆಯು ಜ್ಞಾನವನ್ನು ಪಡೆಯುವ ಮಾರ್ಗವಾಗಿ ಪ್ರಣಿಪಾತ, ಪರಿಪ್ರಶ್ನೆ, ಸೇವೆ ಎಂಬ ಮೂರನ್ನು ಹೇಳುತ್ತದೆ. ಇವುಗಳಲ್ಲಿ ಪರಿಪ್ರಶ್ನೆಯೊಂದನ್ನು ಪ್ರತ್ಯೇಕಿಸಿ ಯಂತ್ರಕ್ಕೆ ಒಪ್ಪಿಸಬಹುದೇ? ನ್ಯಾಯಸೂತ್ರಗಳಿಗೆ ವಾತ್ಸ್ಯಾಯನನು ಬರೆದ ಭಾಷ್ಯದಂತೆ ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಅಂಥವನು ಋಷಿಯೇ ಆಗಬೇಕೆಂಬುದಿಲ್ಲ, ಆರ್ಯನಾಗಲಿ ಮ್ಲೇಚ್ಛನಾಗಲಿ ಆ ಲಕ್ಷಣವಿದ್ದರೆ ಅವನು ಆಪ್ತನೇ. ಇಷ್ಟು ಉದಾರವಾದ ಲಕ್ಷಣದೊಳಕ್ಕೂ ಈ ಯಂತ್ರವು ಸೇರಲಾರದು. ಅದು ಯಾವುದನ್ನೂ ಕಂಡಿಲ್ಲ. ಕಂಡವರ, ಕಾಣದವರ, ಸುಳ್ಳಾಡಿದವರ ಮಾತುಗಳನ್ನೆಲ್ಲ ಅದಕ್ಕೆ ಉಣಿಸಲಾಗಿದೆ. ಅದರ ಉತ್ತರ ಬಹುಮಟ್ಟಿಗೆ ಸರಿಯಾಗಿರಬಹುದು. ತಪ್ಪಾದಾಗಲೂ ಅದರ ಧ್ವನಿಯಲ್ಲಿ ವ್ಯತ್ಯಾಸವಿರದು. ಗೊತ್ತಿಲ್ಲಪ್ಪ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಹೇಳಿ, ಮಾರನೆಯ ದಿನ ಮರೆಯದೆ ಹೇಳುವ ಹಳ್ಳಿಯ ಮೇಷ್ಟರಲ್ಲಿ ಆಪ್ತತ್ವವಿದೆ. ಏಕೆಂದರೆ ತನ್ನ ಅರಿವಿನ ಎಲ್ಲೆ ಅವರಿಗೆ ಗೊತ್ತು. ಹೇಳಿದ ಮಾತಿಗೆ ನಾಳೆಯೂ ಅವರೇ ಹೊಣೆ.

ಜ್ಞಾನದ ಪ್ರಾಮಾಣ್ಯವನ್ನು ಕಟ್ಟಕಡೆಗೆ ನಿಶ್ಚಯಿಸುವುದು ಅರಿಯುವವನೊಳಗಿನ ಸಾಕ್ಷಿಯೇ ಎಂದು ಮಧ್ವಾಚಾರ್ಯರು ಹೇಳಿದರು. ಗುರುವಿನ ವಾಕ್ಯವೂ ಆ ಸಾಕ್ಷಿಯ ಮುಂದೆ ಬಂದು ನಿಲ್ಲಬೇಕು. ನನ್ನ ಬುದ್ಧಿಗೆ ಎಟುಕಿದಷ್ಟರಲ್ಲಿ ಹೇಳುವುದಾದರೆ, ಶಾಲೆಯೆಂಬುದು ಆ ಸಾಕ್ಷಿಯನ್ನು ಎಚ್ಚರವಾಗಿಟ್ಟಿರುವ ಸ್ಥಳ. ಕಿಟಕಿಯ ಪಕ್ಕದ ಆ ಹುಡುಗನಲ್ಲಿ ಎದ್ದು ಮಾತನಾಡಿದ್ದು ಅದೇ. ಉತ್ತರವು ಪ್ರಶ್ನೆಗಿಂತ ಮುಂಚೆಯೇ ಸಿದ್ಧವಾಗಿ ಕಾದಿರುವ ಕಡೆ ಅದು ನಿದ್ರೆಹೋಗುವ ಭಯವುಂಟು.

2020ರ ಸಾಂಕ್ರಾಮಿಕದ ದಿನಗಳಲ್ಲಿ ಶಾಲೆಗಳು ಮುಚ್ಚಿದಾಗ, ಪ್ರೌಢಶಾಲೆಯ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು, ಯೋಗ್ಯವಾದ ಕಾರ್ಯ. ಆದರೆ ಟೀವಿಯಿಲ್ಲದ, ಫೋನಿಲ್ಲದ, ಇದ್ದ ಒಂದು ಫೋನು ತಂದೆಯೊಡನೆ ಕೂಲಿಗೆ ಹೋಗಿರುತ್ತಿದ್ದ ಮನೆಗಳ ಮಕ್ಕಳ ಗತಿಯೇನು? ಆ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಲ್ಲಿ ಉಪಾಧ್ಯಾಯರೇ ಹಳ್ಳಿಗೆ ಹೋಗಿ, ಗುಡಿಯ ಪೌಳಿಯಲ್ಲಿ, ಅರಳಿಕಟ್ಟೆಯ ಮೇಲೆ, ಯಾರದೋ ಮನೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಭೀತಿ ಅಕಾರಣವಾಗಿರಲಿಲ್ಲ. ಆ ಎರಡು ತಿಂಗಳು ನನಗೆ ತೋರಿಸಿಕೊಟ್ಟ ಸಂಗತಿಯೊಂದಿದೆ: ಯಂತ್ರವು ಮುಟ್ಟಲಾರದ ಮಗುವಿನ ಬಳಿಗೆ ಹೋಗಬಲ್ಲ ಉಪಾಧ್ಯಾಯನನ್ನು ಉಳಿಸಿಕೊಳ್ಳದ ಯಾವ ತಂತ್ರಜ್ಞಾನದ ಯೋಜನೆಯೂ ಧರ್ಮದೃಷ್ಟಿಯಿಂದ ಸಮರ್ಥನೀಯವಲ್ಲ. ವಿದ್ಯಾದಾನವನ್ನು ಹೆಚ್ಚು ಜನಕ್ಕೆ ಮುಟ್ಟಿಸಲೆಂದು ಹೊರಟ ಸಾಧನವು ಇರುವವರಿಗೇ ಇನ್ನಷ್ಟು ಕೊಟ್ಟು ಇಲ್ಲದವರನ್ನು ಹಿಂದೆ ಬಿಡುವುದಾದರೆ, ಅದರ ಜಾಣ್ಮೆಯನ್ನು ಹೊಗಳಲು ನನಗೆ ನಾಲಗೆ ಬಾರದು.

ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯನಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿವಿಕಾಸವನ್ನು ವಿಧಿಸಿದೆ. ಆ ಗಂಟೆಗಳನ್ನು ಹೇಗೆ ವಿನಿಯೋಗಿಸಬೇಕೆಂಬುದರಲ್ಲಿ ನನ್ನ ಅಭಿಪ್ರಾಯವಿದು. ಪರದೆಯನ್ನು ಹೊತ್ತಿಸುವುದು, ಕಡತವನ್ನು ತೆರೆಯುವುದು, ವೀಡಿಯೋವನ್ನು ಇಳಿಸಿಕೊಳ್ಳುವುದು, ಇವಕ್ಕೆ ಒಂದೆರಡು ದಿನ ಸಾಕು. ಉಳಿದ ಕಾಲವೆಲ್ಲ ತಾವೇ ಪಾಠ ಮಾಡುವ ವಿಷಯಕ್ಕೆ ಮೀಸಲಾಗಲಿ. ತರಬೇತಿಯ ಕೊಠಡಿಯಲ್ಲಿ ಒಂದು ವೀಡಿಯೋವನ್ನು ಹಾಕಿ, ಇದರಲ್ಲಿ ಕ್ಯಾಮೆರಾ ಕಂಡದ್ದೆಷ್ಟು, ಚಿತ್ರಕಾರನು ಊಹಿಸಿದ್ದೆಷ್ಟು, ಸೌಕರ್ಯಕ್ಕಾಗಿ ಬಣ್ಣ ಹಚ್ಚಿದ್ದೆಷ್ಟು, ಮಗು ತನ್ನ ಕೈಯಿಂದ ಪರೀಕ್ಷಿಸಬಹುದಾದದ್ದೆಷ್ಟು ಎಂದು ಉಪಾಧ್ಯಾಯರು ತಮ್ಮತಮ್ಮಲ್ಲಿ ವಾದಮಾಡಲಿ. ಸಿದ್ಧಪಾಠಗಳನ್ನು ತೋರಿಸುವುದಕ್ಕಿಂತ ತಾವೇ ಒಂದನ್ನು ನಿರ್ಮಿಸಲಿ. ನಿರ್ಮಿಸಿದವರಿಗೆ ಅದರ ಸುಳ್ಳುಗಳೂ ಗೊತ್ತಿರುತ್ತವೆ. ಪರಿವೀಕ್ಷಣೆಗೆ ಬರುವ ಅಧಿಕಾರಿಗಳು ಸ್ಮಾರ್ಟ್ ಬೋರ್ಡನ್ನು ಎಷ್ಟು ಗಂಟೆ ಬಳಸಿದಿರೆಂದು ದಾಖಲೆ ಕೇಳುವುದನ್ನು ಬಿಟ್ಟು, ಯಾವ ಪಾಠದಲ್ಲಿ ಅದನ್ನು ಆರಿಸಿದಿರಿ, ಏಕೆ ಆರಿಸಿದಿರಿ ಎಂದು ಕೇಳಲಿ. ಆರಿಸುವ ಸ್ವಾತಂತ್ರ್ಯವಿಲ್ಲದವರ ಕೈಗೆ ಹೊತ್ತಿಸುವ ಅಧಿಕಾರವನ್ನು ಕೊಟ್ಟು ಪ್ರಯೋಜನವಿಲ್ಲ. ತರಬೇತಿಯ ಕೊನೆಯ ದಿನ ಪ್ರತಿಯೊಬ್ಬರೂ ಒಂದೇ ಪಾಠವನ್ನು ಎರಡು ಸಲ, ಒಮ್ಮೆ ಯಂತ್ರದೊಡನೆ, ಮತ್ತೊಮ್ಮೆ ಕರೆಂಟು ಹೋಗಿದೆಯೆಂದು ಭಾವಿಸಿ, ಸಹೋದ್ಯೋಗಿಗಳ ಮುಂದೆ ಮಾಡಿ ತೋರಿಸಲಿ. ಎರಡನೆಯ ಸಲ ಪಾಠದಲ್ಲಿ ಏನು ಉಳಿಯಿತು, ಮೊದಲನೆಯ ಸಲ ಏನು ಹೆಚ್ಚಾಗಿ ಬಂದಿತ್ತು ಎಂಬುದನ್ನು ಅಲ್ಲಿ ಕುಳಿತವರೆಲ್ಲ ಬರೆದುಕೊಳ್ಳಲಿ. ಶಾಲೆಗೆ ಯಾವ ಯಂತ್ರವನ್ನು ಕೊಳ್ಳಬೇಕೆಂದು ನಿರ್ಧರಿಸುವವರು ಮುಂದಿನ ವರ್ಷದ ಹಣವನ್ನು ಮಂಜೂರು ಮಾಡುವ ಮುಂಚೆ ಆ ಕಾಗದಗಳನ್ನು ತರಿಸಿಕೊಂಡು ಓದಲಿ.